ಜಾರಿ ಬಿದ್ದರೆ ಹಿಡಿಯುವ ಗಂಡ ಬೇಕಾಗಿದ್ದಾನೆ

ನಮ್ಮ ಧಾರಾವಾಹಿಗಳಲ್ಲಿ ಪ್ರೀತಿ ಹುಟ್ಟುವುದು ಎಣ್ಣೆಯಿಂದ. ವಿಲನ್ ಅತ್ತಿಗೆ ಮೆಟ್ಟಿಲ ಮೇಲೆ ಎಣ್ಣೆ ಚೆಲ್ಲುತ್ತಾಳೆ, ನಾಯಕಿ ಆರತಿ ತಟ್ಟೆ ಹಿಡಿದು ಇಳಿಯುತ್ತಾಳೆ, ಜಾರುತ್ತಾಳೆ. ಎಂಡಿ ಸಾಹೇಬನಾದ ನಾಯಕ ಅದೇ ಗಳಿಗೆಗೆ ಅಲ್ಲಿರುತ್ತಾನೆ. (ಕಂಪನಿಯಲ್ಲಿ ಅವನು ಕೆಲಸ ಮಾಡಿದ್ದನ್ನು ಯಾರೂ ಕಂಡಿಲ್ಲ.) ಹಿಡಿಯುತ್ತಾನೆ. ಕಣ್ಣಿಗೆ ಕಣ್ಣು ಕೂಡುತ್ತದೆ, ಕಿಟಕಿ ಮುಚ್ಚಿದ ಹಾಲಿನಲ್ಲಿ ಗಾಳಿ ಬೀಸುತ್ತದೆ, ಟೈಟಲ್ ಸಾಂಗ್ ಬರುತ್ತದೆ, ಆಮೇಲೆ ಜಾಹೀರಾತು. ಅವಳನ್ನು ನೆಟ್ಟಗೆ ನಿಲ್ಲಿಸುವುದು ನಾಳೆಯ ಕಂತಿನಲ್ಲಿ.

ಇದನ್ನು ಅಮ್ಮನ ತೊಡೆಯ ಮೇಲೆ ಕೂತು ನೋಡಿ ಬೆಳೆದ ಹುಡುಗಿ ಮದುವೆಯಾದ ಮೇಲೆ ಒಂದು ದಿನ ಬಚ್ಚಲಲ್ಲಿ ಜಾರುತ್ತಾಳೆ. "ರೀ!" ಎನ್ನುತ್ತಾಳೆ. ಗಂಡ ಮೊಬೈಲಿನಿಂದ ಕಣ್ಣೆತ್ತದೆ, "ನೋಡ್ಕೊಂಡು ನಡಿಯೋಕಾಗಲ್ವಾ?" ಎನ್ನುತ್ತಾನೆ. ಗಾಳಿ ಬೀಸುವುದಿಲ್ಲ. ರಾತ್ರಿ ಸೊಂಟಕ್ಕೆ ಮುಲಾಮು ತಿಕ್ಕಿ ಕೊಡುತ್ತಾನೆ, ಪಾಪ. ಅದು ಪ್ರೀತಿಯ ಲೆಕ್ಕಕ್ಕೆ ಬರುವುದಿಲ್ಲ. ಹಿಂದೆ ಮ್ಯೂಸಿಕ್ ಇರಲಿಲ್ಲವಲ್ಲ.

ಗಂಡಸರೂ ಟಿವಿ ನೋಡಿಯೇ ಬೆಳೆದವರು. ನಾಯಕ ವರ್ಷಗಟ್ಟಲೆ ನಾಯಕಿಯ ಮೇಲೆ ರೇಗಾಡಿದರೆ ನೋಡುವ ಮನೆಮಂದಿ "ಮಾತು ಒರಟು, ಮನಸ್ಸು ಬೆಣ್ಣೆ" ಎಂದು ಕರಗುತ್ತಾರೆ. ಈ ಗಂಡಸರು ಒರಟು ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಬೆಣ್ಣೆ ಯಾವ ಕಂತಿಗೆ ಬರುತ್ತದೋ ಎಂದು ಹೆಂಡತಿ ಕಾಯುತ್ತಿದ್ದಾಳೆ.

ಇಷ್ಟಕ್ಕೆಲ್ಲ ಅಜ್ಜಿಕಥೆಯ ರಾಜಕುಮಾರನೇ ಕಾರಣ ಎನ್ನುವವರಿದ್ದಾರೆ. ನಮ್ಮ ಅಜ್ಜಿಯರು ಅಷ್ಟು ಹುಂಬರಲ್ಲ. ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ, ಗಿರೀಶ ಕಾರ್ನಾಡರು 1992ರಲ್ಲಿ 'ಚೆಲುವಿ' ಎಂಬ ಸಿನಿಮಾ ಮಾಡಿದ ಕಥೆಯಲ್ಲಿ ಬಡವರ ಹುಡುಗಿಯೊಬ್ಬಳು ನೀರು ಹೊಯ್ದರೆ ಹೂವಿನ ಮರವಾಗುತ್ತಾಳೆ. ರಾಜಕುಮಾರ ಮೆಚ್ಚಿ ಮದುವೆಯಾಗುತ್ತಾನೆ. ಸಿಂಡರೆಲ್ಲಾ ಕಥೆಯಾಗಿದ್ದರೆ ಇಲ್ಲಿಗೆ ಮಕ್ಕಳನ್ನು ಮಲಗಿಸಬಹುದಿತ್ತು. ಅಜ್ಜಿ ಬಿಡುವುದಿಲ್ಲ. ಮದುವೆಯಾದದ್ದೇ ಗಂಡನ ಹಟ: ನನ್ನೆದುರು ಮರವಾಗು. ಅವನಿಗೆ ಬೇಕಾದದ್ದು ಹೆಂಡತಿಯೋ, ಹಾಸಿಗೆಗೆ ಹೂವೋ, ಕೇಳುತ್ತ ಕೂತ ಹೆಂಗಸರಿಗೆ ಗೊತ್ತು. ನಾದಿನಿ ಗೆಳತಿಯರ ಜೊತೆ ಸೇರಿ ಕೊಂಬೆ ಮುರಿಯುತ್ತಾಳೆ, ಹುಡುಗಿ ಕೈಕಾಲಿಲ್ಲದೆ ಬೀಳುತ್ತಾಳೆ. ರಾಜಕುಮಾರ ಭಿಕಾರಿಯಂತೆ ಅಲೆದು, ಕೊನೆಗೆ ತಾನೇ ನೀರು ಹೊಯ್ದು, ಮುರಿದ ಕೊಂಬೆಗಳನ್ನು ಸರಿಮಾಡುತ್ತಾನೆ. ಇಷ್ಟು ದುಡಿದ ಮೇಲೆ ಅವನು ಗಂಡ. ಜಾನಪದದಿಂದಲೇ ಎದ್ದ ಕಾರ್ನಾಡರ 'ನಾಗಮಂಡಲ' ನಾಟಕದಲ್ಲಂತೂ ರಾಣಿ ಎಂಬ ಹೆಂಡತಿಗೆ ಪ್ರೀತಿಯಿಂದ ಮಾತಾಡುವ ಗಂಡ ಸಿಗಲು ಹುತ್ತದಿಂದ ಹಾವೇ ಎದ್ದು ಬರಬೇಕಾಯಿತು.

ಸೀರಿಯಲ್‌ಗೆ ಈ ದುಡಿಮೆ ಕಟ್ಟಿಕೊಂಡು ಏನಾಗಬೇಕು? ಗಂಡ ಹೆಂಡತಿ ಎದುರುಬದುರು ಕೂತು "ಏನಾಯ್ತು ಹೇಳು" ಎಂದರೆ ಕಥೆ ವಾರದಲ್ಲಿ ಮುಗಿದು, ಟಿಆರ್‌ಪಿ ಮಣ್ಣು ಮುಕ್ಕುತ್ತದೆ. ಹಾಗಾಗಿ ಯಾರೂ ಕೇಳುವುದಿಲ್ಲ. ಕೇಳಿದರೂ ಹೇಳುವಷ್ಟರಲ್ಲಿ ಫೋನ್ ರಿಂಗಾಗುತ್ತದೆ. 'ಅಗ್ನಿಸಾಕ್ಷಿ' ಧಾರಾವಾಹಿ 2013ರಲ್ಲಿ ಶುರುವಾಗಿ 2020ರಲ್ಲಿ ಮುಗಿಯಿತು. ಅಷ್ಟರಲ್ಲಿ ನೋಡುವವರ ಮನೆಯ ಕೂಸು ಒಂದನೇ ಕ್ಲಾಸು ಸೇರಿತ್ತು.

ಆ ಮನೆಯಲ್ಲೂ ಈಗ ಅದೇ ಸಂಭಾಷಣೆ. "ಏನಾಯ್ತು?" "ಏನಿಲ್ಲ." ಮೂರು ದಿನ 'ಏನಿಲ್ಲ' ನಡೆದ ಮೇಲೆ ಗಂಡ ತಲೆಕೆಟ್ಟು ಅತ್ತೆಗೆ ಫೋನ್ ಮಾಡುತ್ತಾನೆ.

"ಅಳಿಯಂದ್ರೇ, ಒಂದರ್ಧ ಗಂಟೆ ಬಿಟ್ಟು ಮಾಡ್ತೀರಾ? ಇವತ್ತು ಅವರಿಬ್ರೂ ಕೂತು ಮಾತಾಡೋ ಹಂಗಿದೆ."