ಬಾಲಕಲಾಮೂಲೆ ಮೀಮಾಂಸೆ ಅಥವಾ ಗೋಡೆ ಉಳಿಸುವ ಶಾಸ್ತ್ರ

ಮನೆಗೆ ನಾಲ್ಕು ಮೂಲೆ ಎಂಬುದರ ಬಗ್ಗೆ ವಾಸ್ತುಶಾಸ್ತ್ರಕ್ಕೂ ರೇಖಾಗಣಿತಕ್ಕೂ ತಕರಾರಿಲ್ಲ. ಈಶಾನ್ಯ ದೇವರಿಗೆ, ಆಗ್ನೇಯ ಒಲೆಗೆ, ನೈಋತ್ಯ ಯಜಮಾನರ ಮಂಚಕ್ಕೂ ಬೀರುವಿಗೂ, ವಾಯವ್ಯ ಬಂದುಹೋಗುವ ನೆಂಟರಿಗೆ ಎಂದು ಹಂಚಿಕೆ ಮುಗಿದು ಎಷ್ಟೋ ಕಾಲವಾಯಿತು. ಹೀಗಿರುವಾಗ ಮೂರರಿಂದ ಆರು ವರ್ಷದ, ತೆರಿಗೆ ಕಟ್ಟದ, ಮತವೂ ಇಲ್ಲದ ನಾಗರಿಕರೊಬ್ಬರಿಗೆ ‘ಕಲಾಮೂಲೆ’ ಎಂಬ ಐದನೆಯ ಮೂಲೆಯನ್ನು ಎಲ್ಲಿಂದ ತರುವುದು? ರೂಢಿಯಲ್ಲಿರುವ ಪರಿಹಾರ ಬಾಗಿಲ ಹಿಂಬದಿ. ಅಲ್ಲಿ ಪೊರಕೆ, ಕೊಡೆ, ಖಾಲಿ ಸಿಲಿಂಡರುಗಳು ಮಗುವಿಗಿಂತ ಮೊದಲೇ ಹಕ್ಕು ಸ್ಥಾಪಿಸಿರುತ್ತವೆ ಎಂಬುದನ್ನು ಮೀಮಾಂಸಕರು ವಿಷಾದದಿಂದ ದಾಖಲಿಸುತ್ತಾರೆ.

ಮೊದಲು ಲಕ್ಷಣ. ಕಲಾಮೂಲೆ ಎಂದರೆ ಗೋಡೆಗೂ ಮಗುವಿಗೂ ನಡುವೆ ಹಿರಿಯರು ಮಾಡಿಸುವ ರಾಜಿ. ಮಗು ಚಿತ್ರ ಬರೆಯಲಿ ಎಂಬುದು ಇದರ ಘೋಷಿತ ಉದ್ದೇಶ. ಗೋಡೆಯ ಮೇಲೆ ಬರೆಯದಿರಲಿ ಎಂಬುದು ಅಘೋಷಿತ ಉದ್ದೇಶ. ಪೂರ್ವಪಕ್ಷದವರು ಮೂವರು. ‘ಬಾಡಿಗೆ ಮನೆ ಕಣ್ರೀ, ಅಡ್ವಾನ್ಸಲ್ಲಿ ಪೇಂಟಿಂಗಿಗೆ ಹಿಡ್ಕೋತಾರೆ’ ಎನ್ನುವ ತಂದೆ. ‘ಸೋಫಾ ಕವರು ಮೊನ್ನೆ ತಾನೆ ಒಗೆದದ್ದು’ ಎನ್ನುವ ತಾಯಿ. ‘ನಮ್ಮ ಕಾಲದಲ್ಲಿ ಒಂದು ಸ್ಲೇಟು, ಒಂದು ಬಳಪ, ಅಷ್ಟೇ’ ಎನ್ನುವ ಅಜ್ಜಿ. ಮೂರನೆಯ ವಾದವೇ ಗಟ್ಟಿಯಾದದ್ದು. ಆದರೆ ಆ ಬಳಪದಲ್ಲಿ ಅರ್ಧ ಹೊಟ್ಟೆಗೆ ಹೋಗುತ್ತಿತ್ತು ಎಂಬುದನ್ನು ಅಜ್ಜಿ ಹೇಳುವುದಿಲ್ಲ.

ಇತಿಹಾಸವಾದರೂ ಗೋಡೆಯ ಪರ ನಿಲ್ಲುತ್ತದೆಯೇ ಎಂದರೆ ಅದೂ ಇಲ್ಲ. ಇಟಲಿಯ ಬೊಲೊನ್ಯಾ ನಗರದಲ್ಲಿ ಕೊರ್ರಾಡೊ ರಿಚ್ಚಿ ಎಂಬ ಕಲಾವಿದ್ವಾಂಸ ಮಳೆಗೆ ಸಿಕ್ಕು ಒಂದು ಕಮಾನು ಸಾಲಿನ ಕೆಳಗೆ ನಿಂತ. ಮಾಡಲು ಬೇರೆ ಕೆಲಸವಿಲ್ಲದೆ ಗೋಡೆ ನೋಡಿದ. ಮೇಲ್ಭಾಗದಲ್ಲಿ ದೊಡ್ಡ ಹುಡುಗರ ಪೋಲಿ ಚಿತ್ರಗಳು, ಕೆಳಭಾಗದಲ್ಲಿ ಪುಟ್ಟ ಮಕ್ಕಳ ಸಭ್ಯ ಚಿತ್ರಗಳು. ಆ ಕೆಳಭಾಗವೇ ಅವನ ತಲೆ ಹೊಕ್ಕಿತು. 1887ರಲ್ಲಿ ಮಕ್ಕಳ ಕಲೆಯ ಮೇಲೆ ಪುಸ್ತಕ ಹೊರಟಿತು. ಈ ವಿಷಯದ ಮೊತ್ತಮೊದಲ ಪುಸ್ತಕಗಳಲ್ಲಿ ಅದೊಂದು. ಅಂದರೆ ಗೋಡೆಯಿಂದ ಮಕ್ಕಳನ್ನು ದೂರವಿಡುವ ಶಾಸ್ತ್ರ ಹುಟ್ಟಿದ್ದೇ ಮಕ್ಕಳು ಗೀಚಿದ ಗೋಡೆಯಿಂದ. ಆ ಊರಿನವರು ವರ್ಷಕ್ಕೊಮ್ಮೆ ಶ್ರದ್ಧೆಯಿಂದ ಸುಣ್ಣ ಬಳಿದಿದ್ದರೆ ಎಂಥ ವಿದ್ವತ್ತು ನಷ್ಟವಾಗುತ್ತಿತ್ತು!

ಎರಡನೆಯ ಸಾಕ್ಷಿ ಅಮೆರಿಕದ ಸಿನ್ಸಿನಾಟಿಯದು. ಕಲ್ಲಿದ್ದಲ ಒಲೆಗಳ ಮಸಿ ಹಿಡಿದ ಗೋಡೆಕಾಗದವನ್ನು ಉಜ್ಜಿ ತೆಗೆಯಲು ಅಲ್ಲಿನ ಕಂಪನಿಯೊಂದು ಕಣಕದಂಥ ಮುದ್ದೆ ಮಾರುತ್ತಿತ್ತು. ಮನೆಗಳಿಗೆ ಗ್ಯಾಸು ಬಂತು, ಮಸಿ ಹೋಯಿತು, ವ್ಯಾಪಾರ ಮುಳುಗತೊಡಗಿತು. ಆಗ ಶಿಶುವಿಹಾರದ ಶಿಕ್ಷಕಿ ಕೇ ಝುಫಾಲ್ ಅದೇ ಮುದ್ದೆಯನ್ನು ಮಕ್ಕಳ ಕೈಗಿಟ್ಟರು. 1956ರ ಹೊತ್ತಿಗೆ ಅದು ಪ್ಲೇ ಡೋ ಎಂಬ ಹೆಸರಲ್ಲಿ ಅಂಗಡಿಗೆ ಬಂತು. ಗೋಡೆ ಸ್ವಚ್ಛ ಮಾಡಲು ಹುಟ್ಟಿದ ಸರಕು ಈಗ ಗೋಡೆಗೆ ಅಂಟಿಕೊಳ್ಳುತ್ತಿದೆ. ಇದಕ್ಕೆ ಕರ್ಮಸಿದ್ಧಾಂತದ ಹೊರತು ಬೇರೆ ವಿವರಣೆ ಮೀಮಾಂಸಕರಿಗೆ ಹೊಳೆದಿಲ್ಲ.

ಮೂರನೆಯ ಸಾಕ್ಷಿ ನಮ್ಮ ಮಲೆನಾಡಿನದೇ. ಸಾಗರ, ಸೊರಬದ ಕಡೆ ದೀವರ ಹೆಂಗಸರು ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಹುರಿದ ಅಕ್ಕಿಯ ಕಪ್ಪು ಹಿಡಿದು, ಪುಂಡಿನಾರಿನ ಕುಂಚದಿಂದ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಅದೇ ಗೋಡೆಯ ಮೇಲೆ ನಾಲ್ಕು ವರ್ಷದ ಮಗು ಇದ್ದಿಲಿನಲ್ಲಿ ಎಳೆದರೆ ‘ಗಲೀಜು’. ದೊಡ್ಡವರು ಬರೆದರೆ ಪರಂಪರೆ, ಚಿಕ್ಕವರು ಬರೆದರೆ ಪುಂಡಾಟ ಎಂಬ ಈ ಭೇದಕ್ಕೆ ಯಾವ ಶಾಸ್ತ್ರಾಧಾರವೂ ಸಿಗುವುದಿಲ್ಲ.

ಗೋಡೆಯೇನೂ ಪರಮ ಸಾತ್ವಿಕವಲ್ಲ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮವನ್ನು ಭಾರತ ಮಾಡಿದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮೊದಲು ಬಳಿದು ಈಗ ಹಕ್ಕಳೆ ಏಳುತ್ತಿರುವ ಗೋಡೆಯ ಪಕ್ಕ ಮಗುವಿನ ಮೂಲೆ ಮಾಡುವುದು ಬೇಡ; ಸೀಸ ಎಳೆಯ ಮಿದುಳಿಗೆ ಕೇಡು. ಮಗುವಿನಿಂದ ಗೋಡೆಯನ್ನು ಕಾಯುವ ಭರದಲ್ಲಿ ಗೋಡೆಯಿಂದ ಮಗುವನ್ನು ಕಾಯುವುದನ್ನು ಶಾಸ್ತ್ರ ಮರೆತಿತ್ತು.

ಇನ್ನು ಸಿದ್ಧಾಂತ. ಮಗು ಗೋಡೆಗೆ ಹೋಗುವುದು ಹಟದಿಂದಲ್ಲ. ಗೋಡೆ ದೊಡ್ಡದು, ಜಾರುವುದಿಲ್ಲ, ಕೈಗೆಟುಕುತ್ತದೆ, ಕೇಳದೆ ಸಿಗುತ್ತದೆ. ಈ ನಾಲ್ಕು ಗುಣ ಯಾವ ಜಾಗಕ್ಕಿದೆಯೋ ಅದೇ ಕಲಾಮೂಲೆ, ದಿಕ್ಕು ಯಾವುದಾದರೂ ಸರಿ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನಲ್ಲಿ ತೆರೆದ ಮಕ್ಕಳ ಮನೆಯಲ್ಲಿ ಕುರ್ಚಿ ಮೇಜುಗಳನ್ನು ಮಗುವಿನ ಅಳತೆಗೆ ಇಳಿಸಿದಾಗ ಸಾಧಿಸಿದ್ದೂ ಇದನ್ನೇ. ಕುರ್ಚಿಗೆ ದುಡ್ಡಿಲ್ಲದಿದ್ದರೆ ಚಾಪೆ ಮತ್ತು ಎರಡು ಮಣೆ ಸಾಕು. ಕಿಟಕಿಯ ಬೆಳಕು, ಒರೆಸಿದರೆ ಹೋಗುವ ನೆಲ, ಹತ್ತಿರದಲ್ಲೊಂದು ನಲ್ಲಿ, ಬಟ್ಟೆ ಕ್ಲಿಪ್ಪು ಸಿಕ್ಕಿಸಿದ ಹಗ್ಗ, ಅಪ್ಪನ ಹಳೆಯ ಅಂಗಿ ಹಿಂದುಮುಂದಾಗಿ ತೊಡಿಸಿದ ಏಪ್ರನ್ನು. ಅಪ್ಪನ ಹೊಸ ಅಂಗಿಯೂ ಇದೇ ಕೆಲಸಕ್ಕೆ ಬರುತ್ತದೆ ಎಂಬ ಮಗುವಿನ ಮತವನ್ನು ಸದ್ಯಕ್ಕೆ ಒಪ್ಪಲಾಗಿಲ್ಲ.

ಬಣ್ಣದ ವಿಷಯದಲ್ಲಿ ಅತಿಯೇ ಶತ್ರು. 1903ರಲ್ಲಿ ಕ್ರೇಯೋಲಾ ಕಂಪನಿಯ ಮೊದಲ ಡಬ್ಬಿಯಲ್ಲಿ ಇದ್ದದ್ದು ಎಂಟೇ ಕಡ್ಡಿ, ಬೆಲೆ ಐದು ಸೆಂಟ್. ಇಂದು ಚಿಕ್ಕಮ್ಮ ಹುಟ್ಟುಹಬ್ಬಕ್ಕೆ ತರುವ ದೊಡ್ಡ ಡಬ್ಬಿ, ‘ಕಳೆದುಹಾಕ್ತಾನೆ’ ಎಂಬ ಕಾರಣಕ್ಕೆ ಬೀರುವಿನ ಮೇಲೆ ಕೂತಿರುತ್ತದೆ. ನಾಲ್ಕೈದು ದಪ್ಪ ಕಡ್ಡಿಗಳು ತೆರೆದ ಡಬ್ಬಿಯಲ್ಲಿದ್ದರೆ ಉತ್ತಮ. ಮುರಿದ ತುಂಡುಗಳಿದ್ದರೆ ಅತ್ಯುತ್ತಮ, ಏಕೆಂದರೆ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲಾಗದೆ ಮಗು ತಾನಾಗಿ ಬೆರಳ ತುದಿಯಲ್ಲಿ ಹಿಡಿಯುತ್ತದೆ. ‘ಫ್ಲೆಶ್’ ಎಂದು ಕರೆಯುತ್ತಿದ್ದ ಬಣ್ಣವನ್ನು ಅದೇ ಕಂಪನಿ 1962ರಲ್ಲಿ ‘ಪೀಚ್’ ಮಾಡಿತು. ನಮ್ಮ ಎಲ್‌ಕೆಜಿಗಳಲ್ಲಿ ಮಾತ್ರ ‘ಸ್ಕಿನ್ ಕಲರ್ ಕೊಡೇ’ ಎಂಬ ಕೂಗು ಇನ್ನೂ ನಿಂತಿಲ್ಲ, ಕೇಳುವ ಮಗುವಿನ ಚರ್ಮ ಎಣ್ಣೆಗೆಂಪು ಇದ್ದರೂ.

ಹೋಗದ ಬಣ್ಣದಲ್ಲಿ ಕರ್ನಾಟಕದ ಪರಿಣತಿ ಜಗದ್ವಿಖ್ಯಾತ. 1937ರಲ್ಲಿ ಸ್ಥಾಪನೆಯಾದ ಮೈಸೂರಿನ ಬಣ್ಣದ ಕಾರ್ಖಾನೆ 1962ರಿಂದ ಮತದಾರರ ಬೆರಳಿಗೆ ಅಳಿಸಲಾಗದ ಶಾಯಿ ಒದಗಿಸುತ್ತಿದೆ. ಕಲಾಮೂಲೆಗೆ ಬೇಕಾದದ್ದು ಇದಕ್ಕೆ ನೇರ ವಿರುದ್ಧ. ಮೈದಾ ಗಂಜಿಗೆ ಅರಿಸಿನ, ಬೀಟ್‌ರೂಟ್ ರಸ ಕಲಸಿದರೆ ಬೆರಳಿನಲ್ಲಿ ಬಳಿಯುವ ಬಣ್ಣ. ಒಂದು ಬಟ್ಟಲು ಮೈದಾ, ಅರ್ಧ ಬಟ್ಟಲು ಉಪ್ಪು, ಒಂದು ಚಮಚ ಎಣ್ಣೆ, ಬೇಕಾದಷ್ಟು ನೀರು ಸೇರಿಸಿ ನಾದಿದರೆ ಮಣ್ಣಿನ ಬದಲಿ. ಉಪ್ಪು ಅದನ್ನು ಬೇಗ ಕೆಡದಂತೆ ಕಾಯುತ್ತದೆ, ರುಚಿ ನೋಡಿದ ಮಗು ಎರಡನೆಯ ಸಲ ನೋಡದಂತೆಯೂ ಕಾಯುತ್ತದೆ. ಅಡ್ಡ ಕೊಯ್ದ ಬೆಂಡೆಕಾಯಿಯ ಅಚ್ಚು, ಹಾಳೆತಟ್ಟೆಯ ಪ್ಯಾಲೆಟ್ಟು, ಲಗ್ನಪತ್ರಿಕೆಯ ಖಾಲಿ ಬೆನ್ನು: ಇವಕ್ಕೆ ಟೆಂಡರು ಕರೆಯಬೇಕಿಲ್ಲ. ಅರಿಸಿನದ ಕಲೆ ಹೋಗುವುದಿಲ್ಲವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ, ಅದಕ್ಕೆ ಮೀಮಾಂಸಕರ ಬಳಿ ಉತ್ತರವಿಲ್ಲ.

ಕೊನೆಯ ಅಧ್ಯಾಯ ವಿಮರ್ಶೆಯದು, ಅಂದರೆ ನೆಂಟರದು. ಸ್ಯಾನ್ ಫ್ರಾನ್ಸಿಸ್ಕೋದ ರೋಡಾ ಕೆಲಾಗ್ ಲಕ್ಷಗಟ್ಟಲೆ ಮಕ್ಕಳ ಚಿತ್ರ ಕೂಡಿಹಾಕಿ, ಮಕ್ಕಳ ಗೀಚಿನಲ್ಲಿ 20 ಮೂಲ ಬಗೆಗಳನ್ನು ಗುರುತಿಸಿದರು. ನಮ್ಮ ಮಾವನಿಗೆ ಒಂದೇ ಬಗೆ ಗೊತ್ತು: ‘ಏನೋ ಇದು ಕಾಗೆ ಕಾಲು?’ ಮಗು ‘ಆನೆ’ ಎನ್ನುತ್ತದೆ, ಚಹಾ ಮುಗಿಯುವಷ್ಟರಲ್ಲಿ ‘ಬಸ್ಸು’ ಎನ್ನುತ್ತದೆ. ಇದು ಸುಳ್ಳಲ್ಲ. ಮೊದಲು ಗೀಚಿ, ಆಮೇಲೆ ಅದರಲ್ಲಿ ಏನೋ ಕಂಡು ಹೆಸರಿಡುವುದು ಆ ವಯಸ್ಸಿನ ಕ್ರಮ ಎಂದು ಫ್ರಾನ್ಸಿನ ಜಾರ್ಜ್ ಆನ್ರಿ ಲ್ಯುಕೆ ತನ್ನ ಮಗಳ ಚಿತ್ರಗಳನ್ನೇ ಇಟ್ಟುಕೊಂಡು ಬರೆದಿದ್ದಾನೆ. ತಲೆಯಿಂದ ನೇರ ಕಾಲು ಹೊರಟ ಮನುಷ್ಯನೂ ತಪ್ಪಲ್ಲ. ಜಗತ್ತಿನ ಬಹುತೇಕ ಮಕ್ಕಳ ಮೊದಲ ಮನುಷ್ಯ ಹೊಟ್ಟೆಯಿಲ್ಲದವನೇ. ಜೆರಾಕ್ಸ್ ಸೇಬು ಕೊಟ್ಟು ‘ಗೆರೆ ದಾಟಬೇಡ’ ಎನ್ನುವುದಾದರೋ ಕಲೆಯಲ್ಲ, ಮುಂದೆ ಸರ್ಕಾರಿ ಅರ್ಜಿ ನಮೂನೆ ತುಂಬಲು ಕೊಡುವ ತರಬೇತಿ.

ಆದ್ದರಿಂದ ಓದುಗರಲ್ಲಿ ವಿನಂತಿ. ‘ಏನಿದು’ ಎನ್ನುವ ಬದಲು ‘ಇದರ ಕತೆ ಹೇಳು ಪುಟ್ಟಾ’ ಎನ್ನಿ. ಮಗು ಹೇಳಿದ್ದನ್ನು ತಾರೀಖಿನೊಂದಿಗೆ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ. ಮುಂದೆ ಬರೆಯಬೇಡಿ, ಅದು ಬೇರೆಯವರ ಕೃತಿ.