ಕುಕ್ಕರ್ ಕಛೇರಿ

1948ರಲ್ಲಿ ಪ್ಯಾರಿಸ್ಸಿನ ರೇಡಿಯೊ ಎಂಜಿನಿಯರ್ ಪಿಯೆರ್ ಶೆಫೆರ್ ರೈಲಿನ ಸದ್ದುಗಳನ್ನು ಮುದ್ರಿಸಿಕೊಂಡು, ಜೋಡಿಸಿ ಸಂಗೀತ ಮಾಡಿದ ಎಂದು ಓದಿದ್ದೇ ತಡ, ನನ್ನೊಳಗಿನ ವಿದ್ವಾಂಸ ಎದ್ದು ಕೂತ. ಶಾಲೆಯ ಪ್ರಾರ್ಥನೆಯಲ್ಲೇ 'ನೀನು ಬಾಯಿ ಆಡಿಸಿದರೆ ಸಾಕು' ಅನ್ನಿಸಿಕೊಂಡವನು ನಾನು. ಆದರೆ ರೈಲಿಗೇನು ಶ್ರುತಿಜ್ಞಾನ ಇತ್ತೇ?

ಬೆಳಗ್ಗೆಯೇ ಮೊಬೈಲ್ ಹಿಡಿದು ಅಡುಗೆಮನೆಗೆ ನುಗ್ಗಿದೆ. ಒಗ್ಗರಣೆಯ ಚಟಪಟ ಮೃದಂಗಕ್ಕೆ, ಸೋರುವ ನಲ್ಲಿ ತಾಳಕ್ಕೆ, ಹಿತ್ತಿಲ ಬಾಗಿಲ ಕಿರ್ರ್ ಪಿಟೀಲಿಗೆ. ಕುಕ್ಕರಿಗೆ ಮಾತ್ರ ಭಾರಿ ಬಿಗುಮಾನ. ಮೊಬೈಲ್ ಹಿಡಿದಷ್ಟು ಹೊತ್ತೂ ಮೌನ, ಇಳಿಸಿದೊಡನೆ ತಾರಸ್ಥಾಯಿ. ಇನ್ನೊಂದು ಸೀಟಿ, ಮತ್ತೊಂದು ಸೀಟಿ ಎಂದು ಕಾದು ಬೇಳೆ ತಳ ಹಿಡಿಸಿದೆ.

"ನಾಳೆ ನಲ್ಲಿ ರಿಪೇರಿಯವನು ಬರ್ತಾನೆ" ಅಂದಳು ಹೆಂಡತಿ.

"ಅಯ್ಯೋ ಬೇಡ ಕಣೇ, ತಾಳ ತಪ್ಪುತ್ತೆ!"

ರಾತ್ರಿ ಎಲ್ಲವನ್ನೂ ಜೋಡಿಸಿ ಮನೆಮಂದಿಯನ್ನು ಕೂರಿಸಿ ಕೇಳಿಸಿದೆ. ಪಲ್ಲವಿ ಮುಗಿಯುವ ಮೊದಲೇ ಅಮ್ಮ ಗ್ಯಾಸ್ ಆರಿಸಲು ಓಡಿದರು, ಮಗಳು ನಲ್ಲಿ ತಿರುಗಿಸಲು. ಹೆಂಡತಿಯೊಬ್ಬಳೇ ಕಣ್ಣು ಮುಚ್ಚಿ ಕೇಳಿ, "ಚೆನ್ನಾಗಿದೆ ರೀ, ತಂಬೂರಿ ಒಂದು ಇಲ್ಲ ಅಷ್ಟೆ" ಎಂದು ತನ್ನ ಮೊಬೈಲ್ ತೆರೆದಳು. ನನ್ನದೇ ಗೊರಕೆ! ಪೂರ್ತಿ ಹತ್ತು ನಿಮಿಷ, ಶ್ರುತಿ ಒಂದಿಷ್ಟೂ ಅಲುಗಿರಲಿಲ್ಲ.