ಎ ಖಾತಾ ರಾಯರು

ಮನೆ ಕೊಳ್ಳುವ ಚಿಂತೆಯಲ್ಲಿ ಬಿಪಿ ಬಂದವರನ್ನು ಕಂಡಿದ್ದೇನೆ, ಶುಗರ್ ಬಂದವರನ್ನು ಕಂಡಿದ್ದೇನೆ, ಇದ್ದಕ್ಕಿದ್ದಂತೆ ಜ್ಯೋತಿಷ್ಯದಲ್ಲಿ ನಂಬಿಕೆ ಬಂದವರನ್ನೂ ಕಂಡಿದ್ದೇನೆ. ಅದೇ ಚಿಂತೆಯನ್ನು ಉಂಡು, ಅರಗಿಸಿಕೊಂಡು, ದುಂಡುದುಂಡಗೆ ಆದವರೆಂದರೆ ನಮ್ಮ ಎ ಖಾತಾ ರಾಯರೊಬ್ಬರೇ.

ಅವರ ನಿಜವಾದ ಹೆಸರು ಬೇರೆ ಇದೆ. ಅದು ಪಡಿತರ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿಲ್ಲ. ರಾಯರು ಬೆಂಗಳೂರಿನಲ್ಲಿ ಸ್ವಂತಕ್ಕೊಂದು ಮನೆ ನೋಡುತ್ತಿದ್ದಾರೆ. ಎಷ್ಟು ಕಾಲದಿಂದ ಎಂದರೆ, ನೋಡಲು ಶುರುಮಾಡಿದಾಗ ಅವರ ಮಗಳು ಯುಕೆಜಿಯಲ್ಲಿದ್ದಳು. ಈಗ ಆ ಮಗಳೇ ತನ್ನ ಮಗಳನ್ನು ಯುಕೆಜಿಗೆ ಬಿಟ್ಟು ಆಫೀಸಿಗೆ ಹೋಗುತ್ತಾಳೆ. ಇಂಥವರು ನಿಮ್ಮ ಬೀದಿಯಲ್ಲೂ ಒಬ್ಬರಿರುತ್ತಾರೆ. ಇಲ್ಲವೆಂದಾದರೆ ಅದು ಬಹುಶಃ ನೀವೇ.

ಬೇರೆ ಸಂಸಾರಗಳು ಭಾನುವಾರ ಲಾಲ್‌ಬಾಗಿಗೋ ಬನ್ನೇರುಘಟ್ಟಕ್ಕೋ ಹೋಗುತ್ತಿದ್ದ ಕಾಲದಲ್ಲಿ ರಾಯರ ಸಂಸಾರ ಸೈಟ್ ವಿಸಿಟ್‌ಗೆ ಹೋಗುತ್ತಿತ್ತು. ಬಿಲ್ಡರ್‌ಗಳೇ ಕಾರು ಕಳಿಸುತ್ತಾರೆ, ಜ್ಯೂಸು ಬಿಸ್ಕತ್ತು ಕೊಡುತ್ತಾರೆ, ಖರ್ಚಿಲ್ಲ. ಆ ಮಕ್ಕಳಿಗೆ ನಂದಿಬೆಟ್ಟಕ್ಕಿಂತ ಮೊದಲು ಪರಿಚಯವಾದದ್ದು ನಂದಿಬೆಟ್ಟ ಕಾಣುವ ಬಾಲ್ಕನಿಗಳು. ಮಾಡೆಲ್ ಫ್ಲಾಟಿಗೆ ಕಾಲಿಟ್ಟ ಕೂಡಲೇ ರಾಯರು ಮಾಡುವ ಮೊದಲ ಕೆಲಸ, ಚಪ್ಪಲಿ ಬಿಟ್ಟು ಅಲ್ಲಿನ ಮಂಚದ ಮೇಲೆ ಉದ್ದಕ್ಕೆ ಮಲಗುವುದು. ಕೋಣೆ ದೊಡ್ಡದಾಗಿ ಕಾಣಲೆಂದು ಇಂಥ ಕಡೆ ಚಿಕ್ಕ ಮಂಚ ಮಾಡಿಸಿ ಹಾಕಿರುತ್ತಾರೆ ಎಂಬುದು ಅವರಿಗೆ ಗೊತ್ತು. ಮೊಣಕಾಲಿನಿಂದ ಕೆಳಗಿನ ಭಾಗ ಗಾಳಿಯಲ್ಲಿ ನಿಂತಿತು ಎಂದರೆ ಮಾರಾಟದ ಹುಡುಗಿಯನ್ನು ಕರೆದು, “ನೋಡಮ್ಮ, ಇದು ಮಂಚ ಅಲ್ಲ, ತೊಟ್ಟಿಲು” ಎನ್ನುತ್ತಾರೆ. ಆಮೇಲೆ ಜೇಬಿನಿಂದ ಟೇಪು ಹೊರಬರುತ್ತದೆ. 1,200 ಚದರಡಿ ಎಂದು ಹೇಳಿದ ಮನೆ ಗೋಡೆಯಿಂದ ಗೋಡೆಗೆ ಅಳೆದರೆ 840 ಇರುತ್ತದೆ.

“ಸಾರ್, ಅದು ಸೂಪರ್ ಬಿಲ್ಟಪ್. ಲಿಫ್ಟು, ಮೆಟ್ಟಿಲು, ಕ್ಲಬ್‌ಹೌಸು ಎಲ್ಲಾ ಸೇರಿ...”

“ಹಾಗಾದ್ರೆ ನನ್ನ ಮಂಚದ ಉಳಿದರ್ಧ ಲಿಫ್ಟಲ್ಲಿ ಹಾಕ್ಕೊಡ್ತೀರಾ?” ಅಷ್ಟಕ್ಕೆ ಬಿಡುವುದಿಲ್ಲ. 2016ರ ರೇರಾ ಕಾಯ್ದೆ, ಕಾರ್ಪೆಟ್ ಏರಿಯಾ ಲೆಕ್ಕದಲ್ಲೇ ಮಾರಬೇಕೆಂಬ ನಿಯಮ, ಎಲ್ಲವೂ ಒಂದೇ ಉಸಿರಿಗೆ ಬರುತ್ತದೆ. ಹುಡುಗಿ ಮ್ಯಾನೇಜರನ್ನು ಕರೆಯಲು ಹೋಗುತ್ತಾಳೆ. ಮ್ಯಾನೇಜರು ದೂರದಿಂದಲೇ ರಾಯರ ಗುರುತು ಹಿಡಿದು ಊಟಕ್ಕೆ ಹೋಗುತ್ತಾರೆ.

ಮಳೆ ಬಂದರೆ ಊರಿಗೆ ಊರೇ ಪಾಲಿಕೆಯನ್ನು ಬೈಯುತ್ತದೆ; ರಾಯರು ಸ್ಕೂಟರ್ ತೆಗೆಯುತ್ತಾರೆ. ಬಿಸಿಲಲ್ಲಿ ಸೈಟು ನೋಡುವವನು ಮೂರ್ಖ ಎಂಬುದು ಅವರ ಸಿದ್ಧಾಂತ. 2016ರ ಆಗಸ್ಟ್‌ನಲ್ಲಿ ರಾಜಕಾಲುವೆ ಒತ್ತುವರಿಯೆಂದು ಜೆಸಿಬಿ ಬಂದು ಮನೆಗಳನ್ನು ಕೆಡವಿದಾಗ, ಕ್ರಯಪತ್ರ ಕೈಯಲ್ಲಿ ಹಿಡಿದು ಅಳುತ್ತಿದ್ದವರನ್ನು ಟಿವಿಯಲ್ಲಿ ನೋಡಿ ಆ ರಾತ್ರಿ ಅವರು ಊಟ ಮಾಡಲಿಲ್ಲ. ಮರುದಿನದಿಂದ ಸ್ಕೂಟರಿನ ಡಿಕ್ಕಿಯಲ್ಲಿ ಹಳೇ ಗ್ರಾಮ ನಕ್ಷೆಗಳು ಬಂದು ಕೂತವು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸು ಮುಳುಗಿ, ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳವರು ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರಲ್ಲ, ಆಗ ಅವರು ಬೀದಿಯಲ್ಲಿ ಓಡಾಡಿದ ಠೀವಿ ನೋಡಬೇಕಿತ್ತು. ಕೆರೆಯಿಂದ ಎಷ್ಟು ದೂರ ಕಟ್ಟಬೇಕು ಎಂಬ ಪ್ರಶ್ನೆಗೂ ಅವರಲ್ಲಿ ಒಂದಲ್ಲ ಎರಡು ಉತ್ತರ ಸಿದ್ಧವಿದೆ. ನಗರ ಯೋಜನೆಯಲ್ಲಿ 30 ಮೀಟರ್ ಇತ್ತು. ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮಾಡಿತು. ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ರದ್ದು ಮಾಡಿತು. ರಾಯರು ಇವತ್ತಿಗೂ 75ನ್ನೇ ಅಳೆಯುತ್ತಾರೆ. “ಯಾವ ಕೋರ್ಟಿಗೆ ಯಾವಾಗ ಏನು ಹೊಳೆಯುತ್ತೋ ಯಾರಿಗ್ರೀ ಗೊತ್ತು?”

ಇದೆಲ್ಲ ಮೈಯ ಪರೀಕ್ಷೆ. ಜೀವದ ಪರೀಕ್ಷೆ ಇರುವುದು ಕಾಗದದಲ್ಲಿ. ಎ ಖಾತೆಯೋ ಬಿ ಖಾತೆಯೋ ಎಂಬುದು ಮೊದಲ ಮಾತು. ಬಿ ಎಂದರೆ ಕಂದಾಯ ಕಟ್ಟಿಸಿಕೊಳ್ಳುತ್ತಾರೆ, ನಕ್ಷೆಗೆ ಮಂಜೂರಾತಿ ಕೇಳಿದರೆ ಮುಖ ತಿರುಗಿಸುತ್ತಾರೆ, ಬ್ಯಾಂಕಿನವರು ಗೇಟಿನಿಂದಲೇ ನಮಸ್ಕಾರ ಹೇಳುತ್ತಾರೆ. ಎ ಎಂದು ಗೊತ್ತಾದರೆ ಮದರ್ ಡೀಡು, 30 ವರ್ಷದ ಇಸಿ, ಡಿಸಿ ಕನ್ವರ್ಷನ್ನು, ಪಹಣಿ, ಮ್ಯುಟೇಷನ್ನು. ರಾಯರು ಈ ಇಸಿ, ಅಂದರೆ ಋಣಭಾರ ಪತ್ರ, ಓದುವುದನ್ನು ನಾನು ನೋಡಿದ್ದೇನೆ. ಕನ್ನಡಕ ಹಣೆಗೇರಿಸಿ, ಕಾಗದ ಮೂಗಿನ ಹತ್ತಿರ ತಂದು, ಸದ್ದಿಲ್ಲದೆ ತುಟಿಯಾಡಿಸುತ್ತಾ ಓದುತ್ತಾರೆ. ಚೆಕ್ಕುಬಂದಿ ಬಂತೆಂದರೆ ಎದ್ದು ನಿಂತು, “ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ 14ನೇ ನಂಬರ್ ಸೈಟು” ಎನ್ನುತ್ತಾ ನಡುಮನೆಯಲ್ಲೇ ಆಯಾ ದಿಕ್ಕಿಗೆ ತಿರುಗುತ್ತಾರೆ. ಹೊಸಬರು ಸಂಧ್ಯಾವಂದನೆ ಎಂದುಕೊಳ್ಳುತ್ತಾರೆ.

ಮಾಗಡಿ ರಸ್ತೆಯ ಸೈಟಿನ ಕಥೆಯನ್ನು ಇಲ್ಲಿ ಹೇಳಲೇಬೇಕು. ಥರ್ಟಿ ಫಾರ್ಟಿ, ಪೂರ್ವಕ್ಕೆ ಮುಖ, ಬೆಲೆಯೂ ಕೈಗೆಟುಕುವಂತಿತ್ತು. ರಾಯರ ಮನೆಯವರು ಆಗಲೇ ತುಳಸಿಕಟ್ಟೆ ಎಲ್ಲಿ ಎಂದು ತೀರ್ಮಾನಿಸಿದ್ದರು. ಅಷ್ಟರಲ್ಲಿ ರಾಯರ ಕಣ್ಣು ಮೂಲ ಜಮೀನಿನವರ ವಂಶವೃಕ್ಷದ ಮೇಲೆ ಬಿತ್ತು. ಗ್ರಾಮ ಲೆಕ್ಕಿಗರು ಕೊಟ್ಟ ವಂಶವೃಕ್ಷದಲ್ಲಿ ಮೂರು ಮಕ್ಕಳು. 2012ರ ಕ್ರಯಪತ್ರದಲ್ಲಿ ರುಜು ಎರಡು.

“ಮೂರನೆಯವರು ಎಲ್ಲಯ್ಯಾ?”

“ಅದು ಹೆಣ್ಣುಮಗಳು ಸಾರ್, ಮದುವೆ ಆಗಿ ಹೋಗಿದೆ” ಎಂದ ಬ್ರೋಕರು.

“ಮದುವೆ ಆದ್ರೆ ಹಕ್ಕು ಹೋಗುತ್ತಾ? 2005ರ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆಯಮ್ಮ ನಾಳೆ ಬಂದು ಕೇಸು ಹಾಕಿದ್ರೆ ನಾನು ಮನೆ ಕಟ್ಟಲಾ, ವಕೀಲರ ಮನೆ ಕಟ್ಟಿಸಲಾ?”

“ಹಾಕಲ್ಲ ಬಿಡಿ ಸಾರ್, ಪಾಪದವರು.”

ಪಾಪದವರನ್ನು ಕಂಡರೆ ರಾಯರಿಗೆ ಇನ್ನೂ ಭಯ. ವಿಳಾಸ ಹುಡುಕಿಕೊಂಡು ಮಾಗಡಿಯ ಆಚೆಯ ಹಳ್ಳಿಗೆ ಹೋದರು. ಆ ಹೆಣ್ಣುಮಗಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರಂತೆ. ಇವರು ಕುತ್ತಿಗೆಯ ಬೆವರೊರೆಸಿಕೊಂಡು, “ಅಮ್ಮಾ, ನಿಮ್ಮ ಅಣ್ಣಂದಿರು ನಿಮ್ಮ ರುಜು ಇಲ್ದೆ ಜಮೀನು ಮಾರಿದಾರೆ” ಎಂದರು. ಆಕೆ ಕೈಯಲ್ಲಿದ್ದ ಕಾಯಿ ಬಿಟ್ಟು ಸುಮ್ಮನೆ ಕೂತರು. ಆಮೇಲೆ ಕಣ್ಣೊರೆಸಿಕೊಂಡು ಒಳಗೆ ಹೋಗಿ ಮುದ್ದೆಗೆ ಎಸರಿಟ್ಟರು. ಅಣ್ಣಂದಿರು ಎಷ್ಟೋ ವರ್ಷದಿಂದ ಗೌರಿ ಹಬ್ಬಕ್ಕೆ ಕರೆದಿರಲಿಲ್ಲ, ಬಾಗಿನ ಕಳಿಸಿರಲಿಲ್ಲ. ಯಾಕೆಂದು ಆಕೆಗೆ ಆವತ್ತು ತಿಳಿಯಿತು. ರಾಯರು ಕಾಳಿನ ಸಾರಿನಲ್ಲಿ ಎರಡು ಮುದ್ದೆ ಉಂಡು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳಲು ಹೋದವರು, ಪಾಲು ಕೇಳಿ ದಾವೆ ಹಾಕುವುದು ಹೇಗೆಂದು ಆಕೆಗೇ ವಿವರಿಸಿ ಬಂದರು. ಬ್ರೋಕರು ಇಂದಿಗೂ ಅವರ ಬೀದಿಗೆ ಬರುವುದಿಲ್ಲ. ಸೈಟು ಕೋರ್ಟಿನಲ್ಲಿದೆ. ಗೌರಿ ಹಬ್ಬಕ್ಕೆ ರಾಯರ ಮನೆಯಿಂದ ಮಾಗಡಿಗೆ ಮೊರದ ಬಾಗಿನ ಹೋಗುತ್ತದೆ, ಅವರೆಯ ಕಾಲಕ್ಕೆ ಅಲ್ಲಿಂದ ಸೊಗಡಿನ ಕಾಯಿ ಮೂಟೆಯಲ್ಲಿ ಬರುತ್ತದೆ. ಸೈಟು ನೋಡಲು ಹೋಗಿ ತಂಗಿಯನ್ನು ಕರೆತಂದವರು ಈ ಊರಿನಲ್ಲಿ ಬೇರೆ ಯಾರಿದ್ದಾರೆ?

ದುಡ್ಡಿಲ್ಲದೆ ಹೀಗೆ ಮಾಡುತ್ತಾರೆಂದು ತಿಳಿಯಬೇಡಿ. ದುಡ್ಡು ಇತ್ತು, ಕಾಲ ಕೂಡಿ ಬರಬೇಕಿತ್ತು. 2008ರಲ್ಲಿ ಜಗತ್ತಿನ ಬ್ಯಾಂಕುಗಳು ಬಿದ್ದಾಗ “ರೇಟು ಇಳಿಯುತ್ತೆ, ಕಾಯೋಣ” ಎಂದರು. 2016ರಲ್ಲಿ ನೋಟು ರದ್ದಾದಾಗ “ಈಗಂತೂ ಇಳೀಲೇಬೇಕು” ಎಂದರು. ಕೊರೊನಾದಲ್ಲಿ ಎಲ್ಲರೂ ಊರು ಬಿಟ್ಟು ಹೋಗುವಾಗ ಟೋಪಿ ಹಾಕಿಕೊಂಡು ತಾರಸಿ ಮೇಲೆ ನಿಂತು ಖಾಲಿ ಬೀದಿ ನೋಡಿ ಒಳಗೊಳಗೇ ಹಿಗ್ಗಿದರು. ರೆಪೊ ದರ ಶೇ. 6.5ಕ್ಕೆ ಏರಿದಾಗ ಬಡ್ಡಿ ಇಳಿಯಲಿ ಎಂದರು. ಇಳಿಯುವ ಹೊತ್ತಿಗೆ ಮನೆಗಳ ಬೆಲೆ ಏರಿತ್ತು. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ಪಾಲಿಕೆಗಳೂ ಬಂದಾಗ, ನಮ್ಮ ಖಾತೆ ಯಾವ ಪಾಲಿಕೆಯ ಯಾವ ಬೀರುವಿನಲ್ಲಿ ಇರುತ್ತದೋ ನೋಡಿಕೊಂಡು ಮುಂದುವರಿಯೋಣ ಎಂದರು. ಅದೇ ವರ್ಷದ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿತು. “ನೋಡಿದ್ರಾ, ನಾವು ಮೊದಲೇ ತಗೊಂಡಿದ್ರೆ 60 ಲಕ್ಷದ ಮನೆಗೆ 60 ಸಾವಿರ ಉಳೀತಿತ್ತು” ಎಂದು ರಾಯರು ಹೇಳಿದ ದನಿಯಲ್ಲಿ ದುಃಖಕ್ಕಿಂತ ಲೆಕ್ಕ ಸರಿಹೋದ ಸಂತೋಷವೇ ಹೆಚ್ಚಿತ್ತು.

ಸಾಲದ ಲೆಕ್ಕವೂ ನಾಲಗೆ ತುದಿಯಲ್ಲಿದೆ. ಯಾರಾದರೂ ಹೋಮ್ ಲೋನ್ ಸ್ಯಾಂಕ್ಷನ್ ಆಯಿತೆಂದು ಪೇಡ ಹಿಡಿದು ಬಂದರೆ, ಪೇಡ ಬಾಯಿಗೆ ಹಾಕಿಕೊಂಡೇ ಕೇಳುತ್ತಾರೆ, “ಎಷ್ಟು? ಐವತ್ತಾ? ಎಂಟೂವರೆ ಪರ್ಸೆಂಟು, ಇಪ್ಪತ್ತು ವರ್ಷ? ತಿಂಗಳಿಗೆ 43,391. ಅದ್ರಲ್ಲಿ ಮೊದಲ ಕಂತಲ್ಲಿ ಬಡ್ಡಿ 35,417. ನಿಮ್ಮ ಮನೆಗೆ ಸೇರೋದು 7,974 ರೂಪಾಯಿ. ಅಂದ್ರೆ ಬಾಗಿಲ ಚಿಲಕ, ಅಷ್ಟೇ ನಿಮ್ಮದು. ಉಳಿದದ್ದು ಬ್ಯಾಂಕಿಂದು.” ಕಡೆಗೆ ಒಂದು ಕೋಟಿ ನಾಲ್ಕು ಲಕ್ಷ ಕಟ್ಟಿರುತ್ತೀರಿ ಎಂಬ ಮಾತು ಬರುವಷ್ಟರಲ್ಲಿ ಪೇಡ ತಂದವರು ಡಬ್ಬಿಯ ಮುಚ್ಚಳ ಹಾಕಿರುತ್ತಾರೆ.

ಗೃಹಪ್ರವೇಶಕ್ಕೆ ರಾಯರನ್ನು ಕರೆಯುವುದು ಧೈರ್ಯದ ಕೆಲಸ. ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಹಿಂದಿನಿಂದ ದನಿ ಬರುತ್ತದೆ, “ವಾಸಕ್ಕೆ ಓಸಿ ಬಂದಿದೆಯೇನ್ರೀ?” ಎಲ್ಲರೂ ಹೋಮದ ಹೊಗೆಗೆ ಕಣ್ಣೊರೆಸಿಕೊಳ್ಳುತ್ತಿರುವಾಗ ಇವರು ಬೆರಳ ಗೆಣ್ಣಿನಿಂದ ಟೈಲ್ಸ್ ತಟ್ಟುತ್ತಾ ಎಲ್ಲಿ ಟೊಳ್ಳೆಂದು ಕಿವಿಗೊಡುತ್ತಿರುತ್ತಾರೆ. ಬಚ್ಚಲಿಗೆ ಒಂದು ಚೊಂಬು ನೀರು ಸುರಿದು ಎತ್ತ ಹರಿಯಿತೆಂದು ನೋಡುತ್ತಾರೆ. ಅನುಭವಸ್ಥರು ಇವರನ್ನು ಮೊದಲ ಪಂಕ್ತಿಗೇ ಕೂರಿಸಿ, ಹೋಳಿಗೆ ಎರಡು ಹೆಚ್ಚಿಗೆ ಬಡಿಸಿ, ತಾಂಬೂಲ ಕೊಟ್ಟು ಕಳಿಸಿಬಿಡುತ್ತಾರೆ.

ಅವರ ಮನೆಯವರಿಗೆ ಇದೆಲ್ಲ ಅಭ್ಯಾಸವಾಗಿದೆ. “ನನ್ನನ್ನು ನೋಡೋಕೆ ಬಂದಾಗ ಅರ್ಧ ಗಂಟೆಲಿ ಒಪ್ಪಿ, ಉಪ್ಪಿಟ್ಟು ತಿಂದು ಹೋದ್ರು. ಯಾವ ಪೇಪರೂ ಕೇಳ್ಲಿಲ್ಲ” ಎನ್ನುತ್ತಾರೆ. ರಾಯರು ಪೇಪರಿನ ಹಿಂದಿನಿಂದ, “ಅದಕ್ಕೇ ಈಗ ಹುಷಾರಾಗಿದೀನಿ” ಎನ್ನುತ್ತಾರೆ. ಈ ಸಂಭಾಷಣೆ ವಾರಕ್ಕೊಮ್ಮೆಯಾದರೂ ನಡೆಯುತ್ತದೆ, ಇಬ್ಬರಿಗೂ ಬೇಸರ ಬಂದಂತಿಲ್ಲ.

ಹೋದ ವರ್ಷ ಒಂದು ಅನಾಹುತ ಆಯಿತು. ತಪ್ಪೇ ಇಲ್ಲದ ಮನೆಯೊಂದು ಸಿಕ್ಕಿಬಿಟ್ಟಿತು. ಎ ಖಾತಾ. ಓಸಿ ಇದೆ. ಇಸಿ ತೊಳೆದಿಟ್ಟಷ್ಟು ಚೊಕ್ಕ. ದೇವರ ಕೋಣೆ ಈಶಾನ್ಯ, ಅಡುಗೆಮನೆ ಆಗ್ನೇಯ. ಜಡಿಮಳೆಯಲ್ಲಿ ಹೋಗಿ ನೋಡಿದರು, ಗೇಟಿನ ಮುಂದೆ ಪಾದ ನೆನೆಯುವಷ್ಟೂ ನೀರಿಲ್ಲ. ವಂಶವೃಕ್ಷದಲ್ಲಿದ್ದವರೆಲ್ಲ ಬದುಕಿದ್ದಾರೆ, ಎಲ್ಲರೂ ಸಹಿ ಹಾಕಲು ಸಿದ್ಧರಿದ್ದಾರೆ. ಆ ವಾರ ರಾಯರು ಮೆತ್ತಗಾದರು. ಊಟ ಸೇರದು, ನಿದ್ದೆ ಹತ್ತದು, ಎದೆ ಡವಡವ. ಡಾಕ್ಟರು ಬಿಪಿ ನೋಡಿ ಹುಬ್ಬೇರಿಸಿ, “ಏನಾದ್ರೂ ಟೆನ್ಷನ್ನಾ?” ಎಂದರು. “ಮನೆ ತಗೋತಿದೀವಿ” ಎಂದರು ಅವರ ಮನೆಯವರು, ಯಾರೋ ತೀರಿಕೊಂಡ ದನಿಯಲ್ಲಿ. ಅಡ್ವಾನ್ಸ್ ಕೊಡಬೇಕಾದ ಹಿಂದಿನ ರಾತ್ರಿ ಎರಡು ಗಂಟೆಗೆ ರಾಯರು ಎದ್ದು ಕೂತರು. ದೀಪ ಹಾಕಿ ಹೆಂಡತಿಯನ್ನು ಎಬ್ಬಿಸಿದರು.

“ಏನೇ, ಎಲ್ಲಾ ಇಷ್ಟು ಸರಿ ಇದೆ ಅಂದ್ರೆ ಅವ್ರು ಯಾಕೇ ಮಾರ್ತಿದಾರೆ?”

ಇಷ್ಟು ಹೇಳಿ ಮಲಗಿದವರು ಬೆಳಗ್ಗೆ ಎಂಟಕ್ಕೆ ಎದ್ದರಂತೆ. ಬಿಪಿ ಇಳಿಯಿತು. ಮನೆ ಬೇರೆಯವರ ಪಾಲಾಯಿತು.

ತಮಾಷೆಯೆಂದರೆ, ರಾಯರು ಇಷ್ಟೂ ವರ್ಷ ಬಾಡಿಗೆಗಿರುವ ಮನೆ ಬಿ ಖಾತಾ. ದಕ್ಷಿಣಕ್ಕೆ ಬಾಗಿಲು. ಅಡುಗೆಮನೆ ವಾಯವ್ಯದಲ್ಲಿದೆ, ಈಶಾನ್ಯದಲ್ಲಿ ಬೇರೇನೋ ಇದೆ. ಆ ಮನೆಯಲ್ಲೇ ಮಕ್ಕಳು ಓದಿದರು, ಕೆಲಸ ಹಿಡಿದರು, ಮದುವೆಯಾದರು, ಮೊಮ್ಮಗಳ ನಾಮಕರಣವೂ ಆಯಿತು. ಮಾಲೀಕರಿಗೆ ವಯಸ್ಸಾಗಿದೆ, ಮೊನ್ನೆ ಬಂದು, “ರಾಯರೇ, ನೀವೇ ತಗೊಂಡ್ಬಿಡಿ, ಕಡಿಮೆಗೆ ಕೊಡ್ತೀನಿ” ಎಂದರು. ರಾಯರು ಹೌಹಾರಿ, “ಅಯ್ಯೋ, ಇಂಥ ಮನೇಲಿ ಮನುಷ್ಯರು ಇರೋಕಾಗುತ್ತಾ ಸ್ವಾಮಿ?” ಎಂದರು.

ನಗುವವರು ನಗಲಿ. ನಮ್ಮ ಬೀದಿಯಲ್ಲಿ ಕೋರ್ಟು ಕಚೇರಿ ಅಲೆಯದೆ ನೆಮ್ಮದಿಯಾಗಿ ಸ್ವಂತ ಮನೆಯಲ್ಲಿರುವವರ ಪೈಕಿ ಅರ್ಧದಷ್ಟು ಮಂದಿಯ ಕಾಗದ ಓದಿದವರು ರಾಯರೇ. ವಕೀಲರು ‘ಕ್ಲಿಯರ್’ ಎಂದು ಬರೆದುಕೊಟ್ಟ ಒಂದು ಸೈಟಿನ ಅಡಿಯಲ್ಲಿ ಕಾಲುವೆಯ ಗೆರೆ ತೋರಿಸಿ ನನ್ನ ತಮ್ಮನನ್ನು ಉಳಿಸಿದವರೂ ಅವರೇ. ಒಂದು ಕಾಫಿಯ ಹೊರತು ಏನನ್ನೂ ತೆಗೆದುಕೊಳ್ಳುವುದಿಲ್ಲ. ಊರಿನವರೆಲ್ಲ ಪಡಬೇಕಾದ ಭಯವನ್ನು ಒಬ್ಬರೇ ಪಟ್ಟು ಮುಗಿಸುತ್ತಾರೆ. ಅವರ ಪಾಲಿನ ಮನೆ ನೋಡುವುದಕ್ಕೆ ಪುರುಸೊತ್ತು ಸಿಗದಿದ್ದರೆ ಆಶ್ಚರ್ಯವೇನು?

ನೀವೂ ಮನೆ ಕೊಳ್ಳುವವರಿದ್ದರೆ ಕಾಗದಗಳ ಜೆರಾಕ್ಸ್ ಹಿಡಿದು ಬನ್ನಿ, ಪರಿಚಯ ಮಾಡಿಸುತ್ತೇನೆ. ಆದರೆ ಅಡ್ವಾನ್ಸ್ ಕೊಡುವ ಮೊದಲು ಬನ್ನಿ. ಕೊಟ್ಟಾಗಿದ್ದರೆ ಈ ಕಡೆ ತಲೆ ಹಾಕಬೇಡಿ, ನಿಮ್ಮ ನಿದ್ದೆಯಾದರೂ ಉಳಿಯಲಿ.